ಗಾಜಿನೊಳಗಿನ ಬಾವಿಕಟ್ಟೆ

ನಾವು ಎಳೆದ ಮೊದಲ ಎರ್ಬಿಯಂ ಗಾಜಿನೆಳೆ ಹಸಿರಾಗಿ ಹೊಳೆಯಿತು. ಕೂದಲಷ್ಟು ಸಣ್ಣ ಎಳೆ. ಒಂದು ತುದಿಯಿಂದ ಕಣ್ಣಿಗೆ ಕಾಣದ 980 ನ್ಯಾನೊಮೀಟರ್ ಲೇಸರ್ ಹಾಯಿಸಿದರೆ ಉದ್ದಕ್ಕೂ ಎಳೆಗರಿಕೆಯ ಬಣ್ಣ. ನಾನು ಹಿಗ್ಗಿದೆ. ಮಾಪಕ ನೋಡುತ್ತಿದ್ದ ನಮ್ಮ ಮೇಷ್ಟ್ರು ತಲೆ ಅಲ್ಲಾಡಿಸಿದರು: "ಇಷ್ಟೊಂದು ಹಸಿರು ಕಂಡ್ರೆ ಶಕ್ತಿ ಸೋರ್ತಾ ಇದೆ ಅಂತಮ್ಮ."

ಎರ್ಬಿಯಂ ಒಂದು ವಿರಳ ಭೂಲೋಹ. ಅದನ್ನು ಗಾಜಿಗೆ ಬೆರೆಸಲು ಕಾರಣವಿದೆ. ದೂರಸಂಪರ್ಕದ ಗಾಜಿನೆಳೆಯಲ್ಲಿ 1550 ನ್ಯಾನೊಮೀಟರಿನ ಬೆಳಕು ಅತಿ ಕಡಿಮೆ ಸವೆಯುತ್ತದೆ. ಆದರೂ ನೂರು ಕಿಲೋಮೀಟರ್ ಸಾಗುವಷ್ಟರಲ್ಲಿ ನೂರರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ತಂಡವೂ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಮ್ಯಾನುಯೆಲ್ ಡೆಸರ್ವೀರ್ ತಂಡವೂ ಎರ್ಬಿಯಂ ಬೆರೆಸಿದ ಎಳೆಯಲ್ಲಿ ಈ ಬಡಕಲು ಬೆಳಕನ್ನು ನೇರವಾಗಿ ವರ್ಧಿಸಿ ತೋರಿಸಿದವು. ಲೇಸರ್ ಕೊಟ್ಟ ಶಕ್ತಿಯನ್ನು ಎರ್ಬಿಯಂ ಸುಮಾರು 10 ಮಿಲಿಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತದೆ. ಪರಮಾಣುವಿನ ಲೆಕ್ಕದಲ್ಲಿ ಅದೊಂದು ಯುಗ. ಅಷ್ಟರೊಳಗೆ ಸಂದೇಶದ ಬೆಳಕು ಹಾದುಹೋದರೆ ಅದೇ ಬಣ್ಣ, ಅದೇ ತಾಳದ ಬೆಳಕನ್ನು ಜೊತೆಗೂಡಿಸಿ ಕಳಿಸುತ್ತದೆ. ಸಾಗರದಾಚೆಗೆ ಹೋಗುವ ನಮ್ಮ ಮಾತು ದಾರಿಯಲ್ಲಿ ಹೀಗೆ ಮತ್ತೆ ಮತ್ತೆ ಚೇತರಿಸಿಕೊಳ್ಳುತ್ತದೆ.

ನಮ್ಮ ಎಳೆಯಲ್ಲಿ ಆ ಶಕ್ತಿ ಹಸಿರಾಗಿ ಸೋರುತ್ತಿತ್ತು. ಕಾರಣ ಸಿಕ್ಕಿದ್ದು ಗಾಜಿನ ಒಳರಚನೆಯಲ್ಲಿ.

ಶುದ್ಧ ಸಿಲಿಕಾ ಗಾಜಿನಲ್ಲಿ ಪ್ರತಿ ಸಿಲಿಕಾನಿಗೆ ನಾಲ್ಕು ಕೈ. ಒಂದೊಂದು ಕೈಯಲ್ಲೂ ಒಂದು ಆಮ್ಲಜನಕ. ಪ್ರತಿ ಆಮ್ಲಜನಕವೂ ಎರಡು ಸಿಲಿಕಾನುಗಳ ನಡುವಿನ ಸೇತುವೆ. ಹರಳಿನಲ್ಲಾದರೆ ಈ ಹೆಣಿಗೆ ರಂಗೋಲಿಯಂತೆ ಅಚ್ಚುಕಟ್ಟು. ಗಾಜಿನಲ್ಲಿ ಕೊಂಡಿಗಳು ಅವೇ, ಕೋನಗಳು ಮಾತ್ರ ಅಡ್ಡಾದಿಡ್ಡಿ. ಈ ಚಿತ್ರವನ್ನು 1932ರಲ್ಲಿ ಕೊಟ್ಟವರು ಜಕರಿಯಾಸೆನ್. ಇಂಥ ಬಲೆಯೊಳಗೆ ಬಂದ ಎರ್ಬಿಯಂ ಅಯಾನು ಸಿಲಿಕಾನಿಗಿಂತ ಬಹಳ ದಪ್ಪ. ಸುತ್ತ ಆರೇಳು ಆಮ್ಲಜನಕಗಳು ಅದಕ್ಕೆ ಬೇಕು, ಅವೂ ಸೇತುವೆ ಕೆಲಸದಲ್ಲಿ ಸಿಕ್ಕಿಕೊಳ್ಳದಂಥವು. ಶುದ್ಧ ಸಿಲಿಕಾದಲ್ಲಿ ಅಂಥವು ಇಲ್ಲವೆನ್ನುವಷ್ಟು ಕಡಿಮೆ.

ನಾನು ಚಳ್ಳಕೆರೆ ಸೀಮೆಯವಳು. ಬೇಸಿಗೆಯಲ್ಲಿ ನಮ್ಮೂರಿಗೆ ನೀರಿದ್ದದ್ದು ಒಂದೇ ಬಾವಿಯಲ್ಲಿ. ಊರಿನ ಕೊಡಗಳೆಲ್ಲ ಅದರ ಕಟ್ಟೆಗೆ ಬಂದು ಒಂದಕ್ಕೊಂದು ತಾಗುತ್ತಿದ್ದವು, ತುಳುಕಿ ಚೆಲ್ಲಿದ ನೀರು ಮಣ್ಣುಪಾಲಾಗುತ್ತಿತ್ತು. ಎರ್ಬಿಯಮ್ಮಿನ ಪಾಡೂ ಅದೇ. ಇರುವ ಕೆಲವೇ ಆಮ್ಲಜನಕಗಳನ್ನು ಹಂಚಿಕೊಳ್ಳಲು ಅಯಾನುಗಳು ಗುಂಪುಗೂಡುತ್ತವೆ. ಶಕ್ತಿ ತುಂಬಿಕೊಂಡ ಎರಡು ಅಯಾನುಗಳು ಮಗ್ಗುಲಲ್ಲೇ ಕುಳಿತರೆ ಒಂದು ತನ್ನದನ್ನು ಇನ್ನೊಂದಕ್ಕೆ ದಾಟಿಸಿಬಿಡುತ್ತದೆ. ದುಪ್ಪಟ್ಟು ಪಡೆದದ್ದು ಹಾಗೆ ಬಂದ ಹೆಚ್ಚುವರಿಯಲ್ಲಿ ಬಹುಪಾಲನ್ನು ಶಾಖವಾಗಿ, ಒಂದಿಷ್ಟನ್ನು ಹಸಿರು ಬೆಳಕಾಗಿ ಚೆಲ್ಲುತ್ತದೆ. ಸಂದೇಶಕ್ಕೆ ಸಿಗಬೇಕಾದದ್ದು ಹಾಗೆ ಪೋಲು.

ಪರಿಹಾರ ಅಲ್ಯೂಮಿನಿಯಂ. 1986ರಲ್ಲಿ ಜಪಾನಿನ ಅರಾಯ್ ಮತ್ತು ಸಂಗಡಿಗರು ಎರ್ಬಿಯಮ್ಮಿನ ಸೋದರ ನಿಯೋಡೈಮಿಯಂ ಬೆರೆಸಿದ ಸಿಲಿಕಾಗೆ ಅಲ್ಯೂಮಿನಿಯಂ ಅಥವಾ ರಂಜಕ ಸೇರಿಸಿದಾಗ ಗುಂಪುಗಳು ಚದುರುವುದನ್ನು ಕಂಡರು. ಅಲ್ಯೂಮಿನಿಯಂ ಸಿಲಿಕಾನಿನ ಜಾಗದಲ್ಲಿ ಕೂರಬಲ್ಲದು, ಆದರೆ ಅದರ ಧನ ಆವೇಶ ನಾಲ್ಕಲ್ಲ, ಮೂರು. ಆ ಕೊರತೆಯಿಂದ ಸುತ್ತಲ ಆಮ್ಲಜನಕಗಳಲ್ಲಿ ಋಣ ಆವೇಶ ಉಳಿದು ಎರ್ಬಿಯಮ್ಮನ್ನು ಸೆಳೆಯುತ್ತದೆ. ಊರ ತುಂಬ ಬಾವಿ ತೋಡಿದ ಹಾಗೆ: ಪ್ರತಿ ಎರ್ಬಿಯಮ್ಮಿಗೂ ತನ್ನದೇ ಕಟ್ಟೆ, ಕೊಡಗಳಿಗೆ ತಾಕಲಾಟವಿಲ್ಲ.

ಮುಂದಿನ ಸಲ ಸಿಲಿಕಾ ಕೊಳವೆಯ ಒಳಗೋಡೆಗೆ ಹತ್ತಿಯಂಥ ಬಿಳಿ ಸಿಲಿಕಾ ಮಸಿ ಕೂರಿಸಿ, ಎರ್ಬಿಯಂ ಕ್ಲೋರೈಡಿನ ಗುಲಾಬಿ ದ್ರಾವಣಕ್ಕೆ ಅಲ್ಯೂಮಿನಿಯಂ ಕ್ಲೋರೈಡನ್ನೂ ಕರಗಿಸಿ ನೆನೆಸಿದೆ. ಒಣಗಿಸಿ, ಕಾಯಿಸಿ ಗಾಜು ಮಾಡಿ, ಕೊಳವೆಯನ್ನು ಕುಗ್ಗಿಸಿ ಕಡ್ಡಿಯಾಗಿಸಿ, ಸುಮಾರು 2000 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಎಳೆ ತೆಗೆದೆವು.

ಆ ಸಂಜೆ ಲೇಸರ್ ಹಾಯಿಸಿ ಕೋಣೆಯ ದೀಪ ಆರಿಸಿದೆ. ಹಸಿರು ಕಾಣಬೇಕಾದರೆ ಕಣ್ಣು ಕತ್ತಲೆಗೆ ಒಗ್ಗುವತನಕ ಕಾಯಬೇಕಾಯಿತು. ಮೇಷ್ಟ್ರು ಮಾಪಕದ ಮುಂದಿನಿಂದ ಕದಲಿರಲಿಲ್ಲ. "ಬಂತಮ್ಮ," ಅಂದರು.