ಅವಘಡದ ವೇಳೆ ಮನೆಯವರಿಗೆ ಸುದ್ದಿ ತಿಳಿಸುವುದು ಹೇಗೆ?

2006ರ ಜನವರಿ 2. ಅಮೆರಿಕದ ವೆಸ್ಟ್ ವರ್ಜೀನಿಯಾದ ಸೇಗೋ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಸಂಭವಿಸಿ 13 ಕಾರ್ಮಿಕರು ಒಳಗೆ ಸಿಕ್ಕಿಬಿದ್ದರು. ಮನೆಯವರೆಲ್ಲ ಹತ್ತಿರದ ಚರ್ಚಿನಲ್ಲಿ ಕಾಯುತ್ತಿದ್ದರು. ಮರುದಿನ ನಡುರಾತ್ರಿಯ ಹೊತ್ತಿಗೆ '12 ಮಂದಿ ಬದುಕಿದ್ದಾರೆ' ಎಂಬ ಸುದ್ದಿ ಬಂತು. ಚರ್ಚಿನ ಗಂಟೆ ಮೊಳಗಿತು. ಸುಮಾರು ಮೂರು ಗಂಟೆಗಳ ನಂತರ ನಿಜ ತಿಳಿಯಿತು. ಬದುಕಿದ್ದವನು ಒಬ್ಬನೇ, ಉಳಿದ 12 ಮಂದಿ ಸತ್ತಿದ್ದರು.

ಮುಖವಾಡ ಧರಿಸಿದ್ದ ರಕ್ಷಣಾ ಸಿಬ್ಬಂದಿಯ ಮಾತು ಬಾಯಿಂದ ಬಾಯಿಗೆ ದಾಟುವಾಗ ತಪ್ಪಾಗಿ ಕೇಳಿಸಿತ್ತು. ಸುದ್ದಿ ಸುಳ್ಳಿರಬಹುದೆಂಬ ಗುಮಾನಿ ಮೇಲಿನವರಿಗೆ ಒಂದು ಗಂಟೆಯೊಳಗೇ ಬಂದಿತ್ತು. ಆದರೆ ಖಚಿತವಾಗಲಿ ಎಂದು ಸುಮ್ಮನಾದರು. 'ಇನ್ನೂ ಖಚಿತವಿಲ್ಲ, ಸ್ವಲ್ಪ ತಾಳಿ' ಎಂದಿದ್ದರೂ ಆ ಆಘಾತ ಅಷ್ಟು ಕ್ರೂರವಾಗುತ್ತಿರಲಿಲ್ಲ. ಅದೇ ವರ್ಷ ಅಲ್ಲಿ ಬಂದ ಹೊಸ ಗಣಿ ಕಾನೂನು, ಇಂಥ ವೇಳೆ ಮನೆಯವರೊಡನೆ ಸಂಪರ್ಕಕ್ಕೆಂದೇ ಸರ್ಕಾರಿ ಸಿಬ್ಬಂದಿ ಇರಬೇಕೆಂದು ವಿಧಿಸಿತು.

ಅನಿಶ್ಚಿತತೆ ದೇಹವನ್ನೂ ಕಾಡುತ್ತದೆ. ಎದೆ ಬಡಿದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ನಿದ್ದೆ ಹಾರುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದು ಹತೋಟಿ ತಪ್ಪಬಹುದು. ಅಧಿಕೃತ ಸುದ್ದಿ ಇಲ್ಲದ ಕಡೆ ಗಾಳಿಸುದ್ದಿ ಹಬ್ಬುತ್ತದೆ.

ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ನೆನಪಿರಬಹುದು. 2023ರ ನವೆಂಬರ್ 12ರಂದು ಅದು ಕುಸಿದು 41 ಕಾರ್ಮಿಕರು ಒಳಗುಳಿದರು. ಕೊರೆಯುವ ಯಂತ್ರ ಮತ್ತೆ ಮತ್ತೆ ಕೆಟ್ಟಿತು. ಆದರೆ ಪೈಪಿನ ಮೂಲಕ ಮನೆಯವರು ಅವರೊಡನೆ ಮಾತನಾಡಿದರು. ಹತ್ತನೆಯ ದಿನ ಕ್ಯಾಮೆರಾದಲ್ಲಿ ಮುಖಗಳೂ ಕಂಡವು. ತಮ್ಮವರ ದನಿ ಕೇಳಿದ ಮೇಲೆ ಕಾಯುವುದಕ್ಕೂ ಒಂದು ಧೈರ್ಯ ಬರುತ್ತದೆ. ನವೆಂಬರ್ 28ರಂದು ಎಲ್ಲರೂ ಜೀವಂತ ಹೊರಬಂದರು.

ಸಂಸ್ಥೆಯವರು ಗಮನಿಸಬೇಕಾದ್ದು

* ಸುದ್ದಿ ಹೇಳಲು ಒಬ್ಬರೇ ಇರಲಿ. ಮನೆಯವರ ಭಾಷೆ ಬಲ್ಲವರಾಗಿರಲಿ.
* ಹೊಸದೇನೂ ಇಲ್ಲದಿದ್ದರೂ ಹೇಳಿದ ಹೊತ್ತಿಗೆ ಬಂದು ಅಷ್ಟನ್ನೇ ಹೇಳಲಿ.
* ಇಂತಿಷ್ಟು ಗಂಟೆಯಲ್ಲಿ ಹೊರತರುತ್ತೇವೆಂಬ ಭರವಸೆ ಬೇಡ.
* ತಪ್ಪು ಸುದ್ದಿ ಹೋಗಿದ್ದರೆ ತಕ್ಷಣ ತಿದ್ದಬೇಕು.
* ಸಾವಿನ ಸುದ್ದಿಯನ್ನು ಪತ್ರಿಕೆ, ಟಿ.ವಿ.ಗಿಂತ ಮೊದಲು, ಎದುರಿಗೆ ಕುಳಿತು, ಸ್ಪಷ್ಟ ಮಾತಿನಲ್ಲಿ ತಿಳಿಸಬೇಕು.
* ಉಳಿದ ನೌಕರರನ್ನು ಮರೆಯಬಾರದು. ಜೊತೆಗಾರನನ್ನು ಕಳೆದುಕೊಂಡವರಿಗೆ 'ನಾನೇಕೆ ಉಳಿದೆ' ಎಂಬ ಕೊರಗು ಹತ್ತುವುದುಂಟು.

ಮನೆಯಲ್ಲಿ ನಾವೇನು ಮಾಡಬಹುದು?

ಕಾಯುತ್ತಿರುವವರನ್ನು ಒಂಟಿಯಾಗಿ ಬಿಡಬೇಡಿ. ಹಿರಿಯರ ನಿತ್ಯದ ಮಾತ್ರೆ, ಊಟ, ನೀರು ತಪ್ಪದಂತೆ ಯಾರಾದರೊಬ್ಬರು ನೋಡಿಕೊಳ್ಳಲಿ. ಟಿ.ವಿ., ಮೊಬೈಲ್ ಸದಾ ನೋಡುವುದು ಬೇಡ. 'ಏನೂ ಆಗುವುದಿಲ್ಲ' ಎನ್ನುವ ಬದಲು 'ನಾವಿದ್ದೇವೆ' ಎನ್ನಿ. ಮಕ್ಕಳಿಗೆ 'ಅಪ್ಪ ಊರಿಗೆ ಹೋಗಿದ್ದಾರೆ' ಎಂದು ಸುಳ್ಳು ಹೇಳಬೇಡಿ. ಅವರ ವಯಸ್ಸಿಗೆ ತಕ್ಕಂತೆ ನಿಜವನ್ನೇ ಹೇಳಿ. ಅಳುವವರನ್ನು ಅಳಲು ಬಿಡಿ.

ನಿದ್ರಾಹೀನತೆ, ಬೆಚ್ಚಿಬೀಳುವುದು, ಕೆಟ್ಟ ಕನಸು ತಿಂಗಳು ಕಳೆದರೂ ಹೋಗದಿದ್ದರೆ ಮನೋವೈದ್ಯರನ್ನು ಕಾಣಿರಿ. ಬದುಕೇ ಬೇಡವೆಂಬ ಮಾತು ಬಂದರೆ ಒಂದು ದಿನವೂ ತಡಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಕೆಟ್ಟ ಸುದ್ದಿಯನ್ನು ಯಾರೂ ಸಿಹಿಯಾಗಿಸಲಾರರು. ಆದರೆ ಹೇಳಬೇಕಾದವರೇ, ಹೇಳಬೇಕಾದ ಹೊತ್ತಿಗೆ, ಇದ್ದದ್ದನ್ನು ಇದ್ದಂತೆ ಹೇಳಿದರೆ ಅದನ್ನು ತಾಳಿಕೊಳ್ಳುವ ಶಕ್ತಿ ಮನುಷ್ಯರಿಗಿದೆ.