ಪಿನ್ ಕೂತರೆ ಸಾಲದು, ಮಟ್ಟವೂ ಕೂಡಬೇಕು

ರಾಣೆಬೆನ್ನೂರು ತಾಲೂಕಿನ ಐರಣಿಯಲ್ಲಿ, ತುಂಗಭದ್ರೆಯ ದಂಡೆಯ ಹೊಳೆಮಠದಲ್ಲಿ ಪ್ರವಚನವಿರಲಿ, ಊರೊಳಗೆ ನಾಟಕವಿರಲಿ, ಮೈಕ್ ಸೆಟ್‌ನವರು ಜೋಡಿಸುವ ಸಾಮಾನು ಹೆಚ್ಚುಕಡಿಮೆ ಒಂದೇ: ನಾಲ್ಕಾರು ಮೈಕು, ಕೀಬೋರ್ಡ್, ಹಾಡು ಹಾಕಲು ಮೊಬೈಲ್, ಮಿಕ್ಸರ್, ಆಂಪ್ಲಿಫೈಯರ್, ಕಂಬಕ್ಕೆ ಕಟ್ಟಿದ ಹಾರ್ನ್. ಪಿ-38 ಪಿನ್ ಇವುಗಳಲ್ಲಿ ಅನೇಕಕ್ಕೆ ಹೊಂದುತ್ತದೆ. ಗೊಂದಲ ಹುಟ್ಟುವುದೇ ಅಲ್ಲಿ. ಪಿನ್ ಒಂದೇ ಆದರೂ ಅದರಲ್ಲಿರುವ ವೋಲ್ಟೇಜ್ ಒಂದು ಮಿಲಿವೋಲ್ಟ್ ಇರಬಹುದು, ನೂರು ವೋಲ್ಟ್ ಕೂಡ ಇರಬಹುದು. ಎರಡರ ನಡುವೆ ಒಂದು ಲಕ್ಷ ಪಟ್ಟು ಅಂತರ.

ಎಲ್ಲಕ್ಕಿಂತ ಕೆಳಗಿನದು ಮೈಕ್ ಮಟ್ಟ. 1966ರಿಂದ ವೇದಿಕೆಗಳಲ್ಲಿರುವ ಶೂರ್ ಎಸ್‌ಎಂ58 ಮೈಕಿನ ಮೇಲೆ 94 ಡೆಸಿಬೆಲ್‌ನಷ್ಟು ಗಟ್ಟಿ ಸದ್ದು ಬಿದ್ದಾಗ ಹೊರಬರುವುದು ಬರೀ 1.85 ಮಿಲಿವೋಲ್ಟ್. ಅದರ ಮೇಲಿನದು ಲೈನ್ ಮಟ್ಟ. ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡುವುದು ಇದರಲ್ಲೇ. ವೃತ್ತಿಪರ ಮಿಕ್ಸರ್‌ಗಳಲ್ಲಿ ಇದು 1.23 ವೋಲ್ಟ್, ಮನೆಬಳಕೆಯ ಟೇಪ್, ಸಿಡಿ ಪ್ಲೇಯರ್‌ಗಳಲ್ಲಿ ಸುಮಾರು 0.32 ವೋಲ್ಟ್. ಎರಡಕ್ಕೂ ಹೆಸರು ಲೈನ್ ಆದರೂ ನಡುವೆ ನಾಲ್ಕು ಪಟ್ಟು ವ್ಯತ್ಯಾಸವಿದೆ. ಎಲ್ಲಕ್ಕಿಂತ ಮೇಲಿನದು ಸ್ಪೀಕರ್ ಮಟ್ಟ: 8 ಓಮ್ ಸ್ಪೀಕರ್‌ಗೆ 100 ವ್ಯಾಟ್ ಕೊಡಲು 28 ವೋಲ್ಟ್ ಬೇಕು.

ಇಷ್ಟು ಅಗಲದ ಅಂತರವನ್ನು ಎಣಿಸಲು ಡೆಸಿಬೆಲ್ ಲೆಕ್ಕ ಸುಲಭ. ವೋಲ್ಟೇಜ್ ಹತ್ತು ಪಟ್ಟಾದರೆ 20 ಡೆಸಿಬೆಲ್ ಏರಿದಂತೆ, ನೂರು ಪಟ್ಟಾದರೆ 40, ಸಾವಿರ ಪಟ್ಟಾದರೆ 60. ಆ ಮೈಕಿನ 1.85 ಮಿಲಿವೋಲ್ಟನ್ನು 1.23 ವೋಲ್ಟಿನ ಲೈನ್ ಮಟ್ಟಕ್ಕೆ ತರಲು ಸುಮಾರು 56 ಡೆಸಿಬೆಲ್ ಏರಿಸಬೇಕು. ಮಿಕ್ಸರ್‌ನ ಪ್ರತಿ ಚಾನೆಲ್‌ನ ತುದಿಯಲ್ಲಿರುವ ಗೇನ್ ಗುಂಡಿಯ ಕೆಲಸ ಇದೇ.

ಮೈಕನ್ನು ಲೈನ್ ಇನ್‌ಪುಟ್‌ಗೆ ಸಿಕ್ಕಿಸಿದರೆ ದನಿ ಏಳುವುದಿಲ್ಲ. ಆಗ ಮಿಕ್ಸರ್‌ನ ಒಟ್ಟು ದನಿಯ ಗುಂಡಿಯಾದ ಮಾಸ್ಟರ್ ಏರಿಸುತ್ತಾರೆ. ದನಿಯ ಜೊತೆ ಸುಯ್ಯೆನ್ನುವ ಸದ್ದೂ ಏರುತ್ತದೆ. ಯಾಕೆಂದರೆ ಪ್ರತಿ ಸರ್ಕಿಟ್ಟೂ ತನ್ನದೊಂದು ಪಾಲು ಗದ್ದಲ ಸೇರಿಸುತ್ತದೆ. ಬೀಜದಲ್ಲೇ ಕಳೆ ಬೆರೆತಿದ್ದರೆ ಆಮೇಲೆ ಹಾಕಿದ ಗೊಬ್ಬರ ಎರಡನ್ನೂ ಬೆಳೆಸುವುದನ್ನು ರಾಣೆಬೆನ್ನೂರಿನ ಬೀಜ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಅದಕ್ಕೇ ಏರಿಸಬೇಕಾದ್ದನ್ನು ಮೊದಲ ಹಂತದಲ್ಲೇ ಏರಿಸಬೇಕು.

ತಿರುಗಾಮುರುಗಾ ಮಾಡಿ ಕೀಬೋರ್ಡನ್ನು ಮೈಕ್ ಇನ್‌ಪುಟ್‌ಗೆ ಕೊಟ್ಟರೆ ಸದ್ದು ಒಡೆಯುತ್ತದೆ. ಸರ್ಕಿಟ್ ತನ್ನ ಮಿತಿಗಿಂತ ಮೇಲೆ ಹೋಗಲಾರದೆ ಅಲೆಯ ತಲೆಯನ್ನೇ ಕತ್ತರಿಸುತ್ತದೆ. ಹಾಗೆ ಕತ್ತರಿಸಿಹೋದದ್ದನ್ನು ಮುಂದೆ ಎಷ್ಟು ಇಳಿಸಿದರೂ ಸರಿಪಡಿಸಲಾಗದು. ಆಂಪ್ಲಿಫೈಯರ್‌ನ ಸ್ಪೀಕರ್ ಔಟನ್ನೇ ಮಿಕ್ಸರ್‌ಗೆ ಕೊಟ್ಟರಂತೂ ಇನ್‌ಪುಟ್ ಸುಟ್ಟೇ ಹೋದೀತು.

ಮೊಬೈಲ್‌ನದು ಇನ್ನೊಂದು ತಮಾಷೆ. ಅದರ ಸ್ಟೀರಿಯೋ ವೈರನ್ನು ನೇರವಾಗಿ ಮೂರು ಪಿನ್ನಿನ ಮೈಕ್ ಇನ್‌ಪುಟ್‌ಗೆ ಹಾಕಿದರೆ ಕೆಲವೊಮ್ಮೆ ತಬಲಾ, ಪಿಟೀಲು ಕೇಳುತ್ತವೆ, ಗಾಯಕರ ದನಿಯೇ ಮಾಯವಾಗುತ್ತದೆ. ಆ ಇನ್‌ಪುಟ್ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಜನರೇಟರ್, ಲೈಟಿನ ವೈರುಗಳ ಗುಂಯ್‌ಗುಟ್ಟುವಿಕೆ ಎರಡೂ ತಂತಿಗಳಲ್ಲಿ ಒಂದೇ ಸಮ ಸೇರುವುದರಿಂದ ಕಳೆದುಹೋಗಲಿ, ಒಂದೆರಡು ಮಿಲಿವೋಲ್ಟಿನ ದನಿ ಉದ್ದದ ಕೇಬಲ್ಲಿನಲ್ಲೂ ಉಳಿಯಲಿ ಎಂಬುದಕ್ಕೇ ಆ ಏರ್ಪಾಡು. ಹಾಡಿನಲ್ಲಿ ಗಾಯಕರ ದನಿಯೂ ಸಾಮಾನ್ಯವಾಗಿ ಎಡಬಲಗಳಲ್ಲಿ ಒಂದೇ ಸಮ ಇರುತ್ತದೆ, ಹಾಗಾಗಿ ಅದೂ ಕಳೆದುಹೋಗುತ್ತದೆ. ಮೊಬೈಲನ್ನು ಎಡಬಲ ಬೇರೆ ಮಾಡುವ ವೈರಿನಿಂದ ಸ್ಟೀರಿಯೋ ಲೈನ್ ಇನ್‌ಪುಟ್‌ಗೇ ಕೊಡಬೇಕು.

ಊರುದ್ದಕ್ಕೂ ಕಟ್ಟಿದ ಹಾರ್ನ್‌ಗಳಿಗೆ 100 ವೋಲ್ಟ್ ಲೈನ್ ಯಾಕೆ? 100 ವ್ಯಾಟನ್ನು 28 ವೋಲ್ಟಿನಲ್ಲಿ ಕಳಿಸಿದರೆ ತಂತಿಯಲ್ಲಿ ಮೂರೂವರೆ ಆಂಪಿಯರ್ ಹರಿಯುತ್ತದೆ, 100 ವೋಲ್ಟಿನಲ್ಲಾದರೆ ಒಂದೇ ಆಂಪಿಯರ್. ನಷ್ಟ ವಿದ್ಯುತ್ ಪ್ರವಾಹದ ವರ್ಗದಂತೆ ಏರುವುದರಿಂದ, ಅದೇ ತಂತಿಯಲ್ಲಿ ಪೋಲಾಗುವುದು ಹನ್ನೆರಡು ಪಟ್ಟು ಕಡಿಮೆ. ಪ್ರತಿ ಹಾರ್ನ್‌ನ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಮಾಮೂಲಿ ಬಾಕ್ಸನ್ನು ಈ ಲೈನಿಗೆ ಕಟ್ಟಬಾರದು.

ಗೇನ್ ಕೂರಿಸುವಾಗ 'ಹಲೋ, ಮೈಕ್ ಟೆಸ್ಟಿಂಗ್' ಸಾಲದು. ಮೆಲ್ಲಗೆ ಪ್ರವಚನ ಹೇಳುವವರಿಗೂ ಗುಡುಗುವ ನಾಟಕದ ಖಳನಾಯಕನಿಗೂ 20 ಡೆಸಿಬೆಲ್ ಅಂತರವಿದ್ದರೆ ಮೈಕಿನಿಂದ ಬರುವ ವೋಲ್ಟೇಜ್ ಹತ್ತು ಪಟ್ಟು ಬದಲಾಗುತ್ತದೆ. ಅವರವರೇ ತಮ್ಮ ಗಟ್ಟಿ ದನಿಯಲ್ಲಿ ಮಾತಾಡಲಿ. ಮೀಟರ್ ಸೊನ್ನೆಯ ಆಸುಪಾಸಿನಲ್ಲಿ ಆಡುತ್ತಿರಲಿ, ಕೆಂಪು ದೀಪ ಹತ್ತದಿರಲಿ. ಆಂಪ್ಲಿಫೈಯರನ್ನು ಕೊನೆಗೆ ಹಾಕಿ, ಮೊದಲು ಆರಿಸಿ.

ಆದರೂ ಸುಯ್ಯೆಂದರೆ ಮಿಕ್ಸರ್‌ನ ಮಾಸ್ಟರನ್ನು ಪೂರ್ತಿ ಇಳಿಸಿ ನೋಡಿ. ಸದ್ದು ಹಾಗೇ ಉಳಿದರೆ ತಪ್ಪು ಆಂಪ್ಲಿಫೈಯರ್ ಕಡೆಗಿದೆ, ಅಲ್ಲಿನ ವಾಲ್ಯೂಮ್ ಅತಿಯಾಗಿದೆ. ನಿಂತುಹೋದರೆ ಮಾಸ್ಟರ್ ಮತ್ತೆ ಏರಿಸಿ ಒಂದೊಂದೇ ಚಾನೆಲ್ ಮುಚ್ಚುತ್ತ ಬನ್ನಿ. ಯಾವುದನ್ನು ಮುಚ್ಚಿದಾಗ ಸದ್ದು ಅಡಗುತ್ತದೋ ಅಲ್ಲಿ ಪಿನ್ ಯಾವ ತೂತಿನಲ್ಲಿದೆ ಎಂದು ಮೊದಲು ನೋಡಿ. ಗುಂಡಿ ತಿರುಗಿಸುವುದು ಆಮೇಲೆ.