ಕೊನೆಯ ಹಾಸಿಗೆಯ ಬಳಿ ಇರುವವರು

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯ ಮನೆಗಳಲ್ಲಿ ಹಿರಿಯರ ಕಾಯಿಲೆ ಉಲ್ಬಣಿಸಿದರೆ ಹುಬ್ಬಳ್ಳಿ-ಧಾರವಾಡಗಳ ಕಡೆಗೆ ಕರೆದೊಯ್ಯುವುದು ರೂಢಿ. ಅಲ್ಲಿ ವೈದ್ಯರು ‘ಇನ್ನು ಮನೆಯಲ್ಲಿಯೇ ನೋಡಿಕೊಳ್ಳಿರಿ’ ಎಂದಾಗ ಮಕ್ಕಳು, ಸೊಸೆಯಂದಿರು ದಿಕ್ಕು ತೋಚದೆ ನಿಲ್ಲುತ್ತಾರೆ. ಚಿಕಿತ್ಸೆ ಮುಗಿದ ಮೇಲೆ ಮಾಡುವುದಾದರೂ ಏನು? ಜೈನಾಚಾರ್ಯರ ದೃಷ್ಟಿಯಲ್ಲಿ ಮಾಡಬೇಕಾದದ್ದು ಹೆಚ್ಚಾಗಿ ಇರುವುದು ಆಗಲೇ.

ಶಿವಾರ್ಯರ ‘ಭಗವತೀ ಆರಾಧನೆ’ಯು ಸಮಾಧಿಮರಣಕ್ಕೆ ಸಿದ್ಧನಾದ ಕ್ಷಪಕಮುನಿಯ ಸೇವೆಗೆ 48 ಮಂದಿ ನಿರ್ಯಾಪಕರನ್ನು ಹೇಳುತ್ತದೆ. ನಾಲ್ವರು ಮೈಯನ್ನು ಮೆಲ್ಲನೆ ಎತ್ತಿ ಮಗ್ಗುಲು ಬದಲಿಸಬೇಕು. ನಾಲ್ವರು ಮಲಮೂತ್ರಗಳನ್ನು ತೆಗೆಯಬೇಕು. ನಾಲ್ವರು ಬಾಗಿಲು ಕಾಯಬೇಕು. ನಾಲ್ವರು ಇರುಳೆಲ್ಲ ಎಚ್ಚರವಿರಬೇಕು. ನಾಲ್ವರು ಧರ್ಮಕಥೆ ಹೇಳಬೇಕು. ಅಷ್ಟು ಜನ ದೊರೆಯದಿದ್ದರೆ ಇಬ್ಬರಾದರೂ ಬೇಕೇ ಬೇಕು. ಒಬ್ಬನೇ ಇದ್ದರೆ ತನ್ನನ್ನು ಕಡೆಗಣಿಸುತ್ತಾನೆ, ಇಲ್ಲವೇ ಕ್ಷಪಕನನ್ನು ಕಡೆಗಣಿಸುತ್ತಾನೆ ಎಂಬುದು ಆಚಾರ್ಯರ ಕಾಳಜಿ. ಇದು ಮುನಿಸಂಘಕ್ಕೆ ಹೇಳಿದ ಮಾತು, ನಿಜ. ಆದರೆ ಹಗಲಿರುಳಿನ ಭಾರವನ್ನೆಲ್ಲ ಒಬ್ಬಳೇ ಸೊಸೆಯ ಮೇಲೆ ಹೊರಿಸುವ ಮನೆಗಳೂ ಇದನ್ನು ಗಮನಿಸಬೇಕು.

ಕಥೆ ಹೇಳುವುದಕ್ಕೂ ಕಾರಣವಿದೆ. ಬಾಣ ತಾಗದಂತೆ ಯೋಧನನ್ನು ಕಾಯುವ ಕವಚದ ಹಾಗೆ, ವೇದನೆಯಲ್ಲಿ ಕುಗ್ಗುವ ಮನಸ್ಸನ್ನು ಕಾಯಲೆಂದು ಆ ಗ್ರಂಥದಲ್ಲಿ ‘ಕವಚ’ವೆಂಬ ಅಧಿಕಾರವೇ ಇದೆ. ಅಲ್ಲಿ ಹೆಸರಿಸಿದ ಮಹಾಪುರುಷರ ಕಥೆಗಳೇ ಕನ್ನಡದ ‘ವಡ್ಡಾರಾಧನೆ’ಯ 19 ಕಥೆಗಳಾಗಿ ವಿಸ್ತರಿಸಿದವು. ನಮ್ಮ ಪ್ರಾಚೀನ ಗದ್ಯದ ಈ ಹಿರಿಯ ಕೃತಿಯ ಬೇರು ಇರುವುದು ಸಾಯುವವನ ಹಾಸಿಗೆಯ ಬಳಿ.

ಲಂಡನ್ನಿನಲ್ಲಿ 1967ರಲ್ಲಿ ಸಿಸಿಲಿ ಸಾಂಡರ್ಸ್ ಹಾಸ್ಪೀಸ್ ತೆರೆದಾಗ, ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಸಂಬಂಧಗಳದು, ಆತ್ಮದ್ದು ಕೂಡ ಎಂದರು. ಬೆಂಗಳೂರಿನ ‘ಕರುಣಾಶ್ರಯ’ವು ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಉಪಚರಿಸುತ್ತಿರುವುದು ಇದೇ ತಿಳಿವಳಿಕೆಯಿಂದ.

ಇಲ್ಲಿ ಒಂದು ಗೊಂದಲ ನಿವಾರಣೆಯಾಗಬೇಕು. ರೋಗಿಗೆ ಮನೆಯವರು ಅನ್ನ ನಿಲ್ಲಿಸುವುದು ಸಲ್ಲೇಖನವಲ್ಲ. ಪರಿಹಾರವಿಲ್ಲದ ಉಪಸರ್ಗ, ಬರ, ಮುಪ್ಪು, ರೋಗಗಳಲ್ಲಿ ಧರ್ಮಕ್ಕಾಗಿ ಸ್ವತಃ ಕೈಗೊಳ್ಳುವ ವ್ರತವದು ಎಂದು ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ತಿಳಿಸುತ್ತದೆ. ಮೊದಲು ಬಿಡಬೇಕಾದದ್ದು ಆಹಾರವಲ್ಲ. ಸ್ನೇಹ, ವೈರ, ಪರಿಗ್ರಹ. ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ, ಅವರಿಂದ ಕ್ಷಮೆ ಬೇಡಿದ ಮೇಲೆಯೇ ಆಹಾರದ ಕ್ರಮತ್ಯಾಗ. ವ್ರತ ತೊಡದ ರೋಗಿಗೆ ನೋವು ತಗ್ಗಿಸುವ ಔಷಧ ಕೊಡಲು ಮನೆಯವರು ಅಂಜಬೇಕಾಗಿಯೇ ಇಲ್ಲ.

ಸಲ್ಲೇಖನದ ಐದು ಅತಿಚಾರಗಳಲ್ಲಿ ‘ಇನ್ನಷ್ಟು ಬದುಕಬೇಕು’ ಎಂಬ ಆಸೆಯೂ ಇದೆ, ‘ಬೇಗ ಸಾಯಬೇಕು’ ಎಂಬ ಆಸೆಯೂ ಇದೆ. ಭಯ, ಮಿತ್ರರ ಸ್ಮರಣೆ, ನಿದಾನ ಉಳಿದ ಮೂರು. ಹಾಸಿಗೆಯ ಪಕ್ಕದಲ್ಲಿ ಕುಳಿತು ‘ನಮ್ಮನ್ನು ಬಿಟ್ಟು ಹೋಗಬೇಡಿ’ ಎಂದು ಗೋಳಾಡುವ ಮಗ, ‘ದೇವರು ಬೇಗ ಕರೆದುಕೊಂಡರೆ ಸಾಕು’ ಎಂದು ನಿಟ್ಟುಸಿರಿಡುವ ನೆಂಟ, ಇಬ್ಬರೂ ತಿಳಿಯದೆ ಆ ಜೀವವನ್ನು ಕದಡುತ್ತಾರೆ. ಅದಕ್ಕಿಂತ ಮೆಲುದನಿಯ ಪಂಚನಮಸ್ಕಾರ ಮೇಲು.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮನೆಗೂ ಈ ಗಳಿಗೆ ಬಂದಿತ್ತು. ಚೋಳರಿಂದ ತಲಕಾಡನ್ನು ಗೆದ್ದವನ ತಾಯಿ ಪೋಚಿಕಬ್ಬೆ 1120ರ ಸುಮಾರಿಗೆ ಸಲ್ಲೇಖನದಿಂದ ದೇಹವಿಟ್ಟಳು. ಶ್ರವಣಬೆಳಗೊಳದಲ್ಲಿ ಅವಳ ನೆನಪಿಗೆ ಶಾಸನ ನಿಲ್ಲಿಸಿದ ಮಗ, ಮುಂದೆ ಸ್ವಲ್ಪ ಕಾಲದಲ್ಲಿಯೇ ಮಡದಿ ಲಕ್ಷ್ಮಿಗಾಗಿಯೂ ಅಲ್ಲಿಯೇ ನಿಷಿಧಿಯನ್ನು ಮಾಡಿಸಿದನು.